ವಾಸಂತಿಗೆ ಉಡಿ ತುಂಬಿದ್ದು

ಗುರುವಾರ ಮಧ್ಯಾಹ್ನ ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಜನ ಸೇರುತ್ತಿದ್ದೆವು. ಕಂಬಕ್ಕೆ ಒರಗಿ ಕಾಲು ಚಾಚಿ ಕೂತ ನನ್ನ ಅಜ್ಜಿ ರುದ್ರಮ್ಮ. ಎದುರು ಮನೆಯ ಹಂಪಮ್ಮ. ಬಾಳೆತೋಟದವಳು, ಸೆರಗಿನಲ್ಲಿ ಒಂದೆರಡು ಸುಗಂಧಿ ಬಾಳೆಹಣ್ಣು ಕಟ್ಟಿಕೊಳ್ಳದೆ ನಮ್ಮ ಹೊಸ್ತಿಲು ದಾಟಿದವಳೇ ಅಲ್ಲ. ನಮ್ಮ ಕಟ್ಟೆಯ ಮೇಲೆಯೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಟೇಲರ್ ಮಾಬುಸಾಬ್. ಹೊಸಪೇಟೆಯ ಬಸ್ಸಿನಿಂದ ಆಗಷ್ಟೇ ಇಳಿದ ವಾರಪತ್ರಿಕೆಯನ್ನು ಹಿಡಿದುಕೊಂಡ ನಾನು. ಮತ್ತೆ ವಾಸಂತಿ.

ವಾಸಂತಿ ಮಾತ್ರ ಕಾಗದದವಳು. ಉಳಿದವರಿಗೆ ಅದೊಂದು ಕೊರತೆ ಅಂತ ಅನಿಸಿರಲಿಲ್ಲ.

ಇದೆಲ್ಲ ನೆನಪಾದದ್ದು ಹೋದ ವಾರ ಟ್ರಂಕು ಬಿಚ್ಚಿದಾಗ. ನುಸಿಗುಳಿಗೆಯ ವಾಸನೆಯ ನಡುವೆ ನನ್ನದೊಂದು ಹಸಿರು ಲಂಗ ಸಿಕ್ಕಿತು. ಈಗ ಅದು ನನ್ನ ಹಿಮ್ಮಡಿಗೆ ಬರುವುದಿಲ್ಲ, ಸೊಂಟಕ್ಕಂತೂ ಕೇಳಲೇಬೇಡಿ. ಅದರ ಕೆಳಗಿನ ಅರ್ಧದಲ್ಲಿ ಅಡ್ಡಡ್ಡ ಮೂರು ಗಾಢ ಹಸಿರು ಗೆರೆಗಳಿವೆ. ಅಂಚಿನಲ್ಲಿ, ಆ ಲಂಗಕ್ಕೆ ಯಾವ ರೀತಿಯಿಂದಲೂ ಹೊಂದದ ಒಂದು ಗೇಣು ಗುಲಾಬಿ ಬಟ್ಟೆ. ಗೆರೆಗಳ ಕತೆ ನಿಮಗೆ ಗೊತ್ತಿದ್ದರೂ ಇರಬಹುದು. ಗುಲಾಬಿ ಬಟ್ಟೆಯದು ನನಗೂ ವಾಸಂತಿಗೂ ಮಾತ್ರ ಸಂಬಂಧಪಟ್ಟದ್ದು.

ಆ ಕಾಲದಲ್ಲಿ ಬೆಳೆಯುವ ಹುಡುಗಿಗೆ ಲಂಗ ಹೊಲಿಸುವುದೆಂದರೆ ಒಂದು ಲಂಗದಲ್ಲಿ ನಾಲ್ಕು ಲಂಗ ಹೊಲಿಸುವುದು. ಮಾಬುಸಾಬ್ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಅಂಚಿನಿಂದ ಮೇಲೆ ಮೂರು ಕಡೆ ಮಡಚಿ, ಪಟ್ಟಿ ಹಿಡಿದು ಹೊಲಿಯುತ್ತಿದ್ದ. ಹುಡುಗಿ ಬೆಳೆದಂತೆ ಒಂದೊಂದೇ ಪಟ್ಟಿ ಬಿಚ್ಚುವುದು. ಮೇಲಿನ ಬಟ್ಟೆ ಬಿಸಿಲಿಗೆ, ಸಬಕಾರಕ್ಕೆ ಮಾಸಿರುತ್ತಿತ್ತು. ಬಿಚ್ಚಿದ ಜಾಗ ಮಾತ್ರ ಅಂಗಡಿಯಿಂದ ತಂದ ಬಣ್ಣದಲ್ಲೇ ಹೊಳೆಯುತ್ತಿತ್ತು. ಹೀಗಾಗಿ ಓಣಿಯಲ್ಲಿ ಯಾವ ಹುಡುಗಿ ಎಷ್ಟು ಬೆಳೆದಿದ್ದಾಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೆಳವಣಿಗೆಯನ್ನು ನಾವು ಕಾಲಿನ ಹತ್ತಿರವೇ ಬರೆದುಕೊಂಡು ಓಡಾಡುತ್ತಿದ್ದೆವು.

ಪಟ್ಟಿಗಳೆಲ್ಲ ಮುಗಿದರೆ ದಾವಣಿ. ಅದು ನಮ್ಮ ಮನೆಯ ಕಾನೂನು. ದಾವಣಿ ಬಂದ ಹುಡುಗಿ ಕಾಲುವೆಗೆ ಹೋಗಬಹುದು, ಆದರೆ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವುದಕ್ಕೆ. ನೀರಿಗೆ ಧುಮುಕುವುದಕ್ಕಲ್ಲ. ಇದೂ ಕಾನೂನೇ, ನಮ್ಮ ಮನೆಯದಷ್ಟೇ ಅಲ್ಲ, ಇಡೀ ಓಣಿಯದು.

ನಿಮಗೆ ಹೇಗೆ ಹೇಳಲಿ? ಆ ಕಾಲುವೆ ನಮ್ಮೂರಿನ ದೊಡ್ಡವರಿಗೆ ಎರಡು ಬೆಳೆ ಕೊಟ್ಟಿತು, ನಮ್ಮಜ್ಜನಿಗೆ ಅಕ್ಕಿ ಗಿರಣಿ ಕೊಟ್ಟಿತು, ಹಂಪಮ್ಮನಿಗೆ ಬಾಳೆತೋಟ ಮತ್ತು ಕಿವಿ ಜಗ್ಗುವಂಥ ಬೆಂಡೋಲೆ ಕೊಟ್ಟಿತು. ನನಗೆ ಅದು ಕೊಟ್ಟದ್ದು ಸೇತುವೆಯ ಗೋಡೆಯಿಂದ ಹಾರಿದಾಗ ಕಾಲು ನೆಲವನ್ನು ಬಿಟ್ಟು, ಇನ್ನೂ ನೀರನ್ನು ಮುಟ್ಟದ ಆ ಒಂದು ಗಳಿಗೆ. ಅಷ್ಟರ ಮುಂದೆ ಗಿರಣಿ ಯಾವ ಲೆಕ್ಕ ಎಂದು ನಾನು ತಿಳಿದಿದ್ದೆ. ಬೇಸಿಗೆ ಬಂದರೆ ದುರಸ್ತಿಗೆಂದು ಕಾಲುವೆ ಬಂದ್. ತಳದಲ್ಲಿ ಕೆಸರು, ಕೆಸರಿನಲ್ಲಿ ಎಮ್ಮೆ. ಮಳೆ ಬಿದ್ದು ಡ್ಯಾಮಿಗೆ ನೀರು ಬಂದ ಮೇಲೆ ಮತ್ತೆ ನೀರು ಬಿಡುತ್ತಿದ್ದರು.

ಆ ವರ್ಷ ಯುಗಾದಿಯ ಹಿಂದಿನ ದಿನ ಅಜ್ಜಿ ನನ್ನನ್ನು ಗೋಡೆಗೆ ನಿಲ್ಲಿಸಿ ಕಾಲು ನೋಡಿದಳು.

‘ಮಾಬೂ, ಕಡೀ ಪಟ್ಟಿ ಬಿಚ್ಚಪ. ಇದಾದ ಮ್ಯಾಲೆ ಗಿರ್ಜಿಗೆ ದಾವಣಿನ ಸೈ.’

‘ಯಾವಾಗಮ್ಮಾ ದಾವಣಿ?’ ಮಾಬುಸಾಬ್ ಅಳತೆ ಟೇಪನ್ನು ಆಗಲೇ ಕೊರಳಿಂದ ತೆಗೆದಿದ್ದ.

‘ನೀರು ಬಿಡಷ್ಟೊತ್ತಿಗೆ.’

ನೋಡಿ, ಕಾಲುವೆಗೆ ನೀರು ಬರುವ ದಿನವೇ ನನಗೆ ನೀರು ಬಂದ್!

ಸರಿಯಾಗಿ ಅದೇ ವಾರ ಪತ್ರಿಕೆಯಲ್ಲಿ ಹೊಸ ಧಾರಾವಾಹಿ ಶುರುವಾಯಿತು. ನಾಯಕಿ ವಾಸಂತಿ, ಹದಿನೈದು ವಯಸ್ಸು, ದೊಡ್ಡ ಪಟ್ಟಣದ ಡಾಕ್ಟರೊಬ್ಬರ ಮಗಳು, ತಾಯಿಯಿಲ್ಲದವಳು, ಫ್ರಾಕು ತೊಡುವವಳು. ಅವಳಿಗೆ ದೊಡ್ಡವಳಾಗುವುದೆಂದರೆ ಭಯ. ಬೇರೆ ಯಾವ ಭಯವೂ ಇಲ್ಲ. ಹಾವು, ಕತ್ತಲೆ, ಲೆಕ್ಕದ ಮೇಷ್ಟ್ರು, ಯಾವುದಕ್ಕೂ ಅಂಜದ ಹುಡುಗಿ, ಕನ್ನಡಿಯಲ್ಲಿ ತಾನು ಹೋದ ತಿಂಗಳಿಗಿಂತ ಎತ್ತರ ಕಂಡರೆ ಮೂರ್ಛೆ ಹೋಗುತ್ತಿದ್ದಳು. ಓದುತ್ತಾ ಓದುತ್ತಾ ನನಗೆ ರೋಮಾಂಚನವಾಯಿತು. ಜಗತ್ತಿನಲ್ಲಿ ಇನ್ನೊಬ್ಬಳಿದ್ದಾಳೆ!

‘ಪಪ್ಪಾ, ನಾನು ಎಂದೆಂದಿಗೂ ದೊಡ್ಡವಳಾಗಲಾರೆ’ ಎಂದು ನಾನು ಗದ್ಗದವಾಗಿ ಓದಿದೆ.

‘ಏನಂತಾಳ?’ ಅಜ್ಜಿ ಕೇಳಿದಳು.

‘ದೊಡ್ಡಾಕಿ ಆಗಲ್ಲಂತಾಳ ಅಜ್ಜಿ.’

‘ಬ್ಯಾಡಂದ್ರ ಬಿಡ್ತಾರೇನು? ಗಿರಣಿಗೆ ಬಂದ ಭತ್ತ ನಾ ಅಕ್ಕಿ ಆಗಲ್ಲ ಅಂದಂಗಾತು.’

ನನ್ನ ಕನ್ನಡ ಬೆಳೆದದ್ದು ಹೀಗೆ. ಪತ್ರಿಕೆ ಒಂದು ಪುಟದಲ್ಲಿ ಅತ್ತು ಹೇಳಿದ್ದನ್ನು ಅಜ್ಜಿ ಅಡಿಕೆ ಕತ್ತರಿಸುತ್ತಾ ಒಂದು ಮಾತಿನಲ್ಲಿ ಮುಗಿಸುತ್ತಿದ್ದಳು. ಶಾಲೆಯಲ್ಲಿ ಸಾರಾಂಶ ಬರೆಯುವ ಪ್ರಶ್ನೆಗೆ ನನಗೆ ಯಾವಾಗಲೂ ಒಳ್ಳೆಯ ಅಂಕ ಬರುತ್ತಿದ್ದುದರ ಗುಟ್ಟು ಇದೇ.

ವಾಸಂತಿಯ ಕಾಯಿಲೆಗೆ ಪಡಸಾಲೆಯಲ್ಲಿ ಕಾರಣ ಹುಡುಕುವುದು ಶುರುವಾಯಿತು. ಅವಳಪ್ಪ ಡಾಕ್ಟರಾಗಿದ್ದೂ ಕಂಡುಹಿಡಿಯದ್ದನ್ನು ನಮ್ಮವರು ಎರಡನೆಯ ವಾರಕ್ಕೇ ಕಂಡುಹಿಡಿದರು, ಒಬ್ಬೊಬ್ಬರು ಒಂದೊಂದು.

‘ಫ್ರಾಕಮ್ಮಾ, ಫ್ರಾಕು!’ ಎಂದ ಮಾಬುಸಾಬ್, ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿ. ‘ಫ್ರಾಕಿಗೆ ಪಟ್ಟಿ ಹಿಡೀಯಾಕ ಬರಲ್ಲ. ಒಂದಿನ ಇದ್ದಕ್ಕಿದ್ದಂಗ ಗಿಡ್ಡ ಆಕ್ಕತಿ. ಹುಡುಗಿ ಅಂಜದ ಇನ್ನೇನು ಮಾಡ್ತಾಳ? ನಮ್ಮ ಹುಡುಗ್ಯಾರಿಗೆ ಹಂಗಲ್ಲ. ಸೊಲ್ಪ ಸೊಲ್ಪ ಬಿಚ್ಚಿಕೋಂತ ಹೊಕ್ಕೀವಿ.’

‘ನಿನಗ ಎಲ್ಲಾದ್ರಾಗೂ ಬಟ್ಟೀನ ಕಾಣ್ತತಿ’ ಎಂದಳು ಹಂಪಮ್ಮ. ‘ತಾಯಿಲ್ಲದ ಕೂಸದು. ಉಡಿ ತುಂಬೋರು ಯಾರದಾರ ಆಕಿಗೆ? ಉಡಿ ಖಾಲಿ ಇದ್ರ ಎದಿ ಢವಢವ ಅಂತತಿ.’

ಅಜ್ಜಿ ಎರಡನ್ನೂ ಒಪ್ಪಲಿಲ್ಲ. ‘ಉಂಡಿದ್ದು ಹೆಚ್ಚಾಗೇತಿ. ನೀರು ಬಂತು, ಅನ್ನ ಬಂತು, ಹುಡುಗ್ಯಾರು ಕಬ್ಬು ಬೆಳದಂಗ ಬೆಳೀತಾವ. ಬೆಳದಿಂದ ಅಂಜಿಕಿ. ನಮ್ಮ ಚೋರನೂರಾಗ ಬೆಳ್ಯಾಕ ಏನಿತ್ತು, ಅಂಜಾಕ ಏನಿತ್ತು?’

ಚೋರನೂರು ಅಜ್ಜಿಯ ತವರು. ಸಂಡೂರಿನ ಆ ಕಡೆಯ ಮಳೆಯಾಶ್ರಿತ ಊರು, ಜೋಳದ ಸೀಮೆ. ನೀರು ಅಂದರೆ ಅಲ್ಲಿ ತಲೆಯ ಮೇಲೆ ಹೊತ್ತು ತರುವಷ್ಟು, ಅದಕ್ಕಿಂತ ಹೆಚ್ಚಿನದನ್ನು ಅಜ್ಜಿ ಮದುವೆಗೆ ಮುಂಚೆ ಕಂಡಿರಲಿಲ್ಲ. ಕಂಡ ಮೇಲೂ ನಂಬಿರಲಿಲ್ಲ. ಗಿರಣಿ ಕಟ್ಟಿಸಿದ ಆ ಕಾಲುವೆಗೆ ವರ್ಷಕ್ಕೊಮ್ಮೆ ಅರಿಶಿಣ ಕುಂಕುಮ ಹಾಕಿ ಕೈಮುಗಿದು ಬರುತ್ತಿದ್ದಳೇ ಹೊರತು ಕಡೆಯ ಮೆಟ್ಟಿಲಿಗೆ ಇಳಿದದ್ದನ್ನು ನಾನು ನೋಡಿರಲಿಲ್ಲ.

ನಾನಂತೂ ವಾಸಂತಿಯ ಶಿಷ್ಯೆಯಾದೆ. ಎತ್ತರ ಬೆಳೆಯಬಾರದೆಂದು ಅವಳು ತಲೆಯ ಮೇಲೆ ದಪ್ಪನೆಯ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕೋಣೆಯಲ್ಲಿ ಓಡಾಡುತ್ತಿದ್ದಳು. ನಮ್ಮ ಮನೆಯಲ್ಲಿ ನಿಘಂಟು ಎಲ್ಲಿಂದ ಬರಬೇಕು? ಗಿರಣಿಯಲ್ಲಿ ಅಕ್ಕಿ ಅಳೆಯುವ ಕಬ್ಬಿಣದ ಸೇರು ಇತ್ತು. ಅದನ್ನೇ ತಲೆಯ ಮೇಲಿಟ್ಟುಕೊಂಡು ಹಿತ್ತಲಿನಲ್ಲಿ ಬೆಳಗು ಬೈಗು ನಡೆದೆ. ಸೇರು ಬೀಳಬಾರದಲ್ಲ, ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ಹೆಜ್ಜೆ ಮೆತ್ತಗೆ. ಒಂದು ದಿನ ಹಂಪಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೇಳಿದಳು, ‘ರುದ್ರಮ್ಮಾ, ನಿನ್ನ ಮೊಮ್ಮಗಳ ನಡಿಗಿ ನೋಡೇ! ಎಷ್ಟು ಛಂದ ಆಗೇತಿ. ಭಾಳ ಜಲ್ದಿ ದೊಡ್ಡಾಕಿ ಆದಂಗ ಕಾಣ್ತಾಳ.’

ಸೇರು ಗಿರಣಿಗೆ ವಾಪಸಾಯಿತು. ಆಮೇಲೆ ನಾನು ಲಂಗವನ್ನು ಸೊಂಟಕ್ಕಿಂತ ಕೆಳಗೆ ಕಟ್ಟತೊಡಗಿದೆ, ಅಂಚು ಹಿಮ್ಮಡಿ ಮುಚ್ಚಲಿ, ಗಿಡ್ಡವಾದದ್ದು ಕಾಣದಿರಲಿ ಎಂದು. ಗಿಡ್ಡವಾದದ್ದು ಕಾಣಲಿಲ್ಲ, ನಿಜ. ಆದರೆ ಸಂತೆಯಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ಬರುವಾಗ ಲಂಗ ತನ್ನ ದಾರಿ ತಾನು ಹಿಡಿಯಿತು. ಆ ಸಂಗತಿಯನ್ನು ಇಲ್ಲಿಗೇ ಬಿಡೋಣ. ಪೇಟೆಯಲ್ಲಿ ಅದನ್ನು ನೆನಪಿಟ್ಟುಕೊಂಡವರು ಈಗ ಹೆಚ್ಚು ಜನ ಉಳಿದಿಲ್ಲವೆಂಬುದೇ ಸಮಾಧಾನ.

ಬಿಸಿಲು ಏರಿದಂತೆ ವಾಸಂತಿಯ ಸ್ಥಿತಿ ಬಿಗಡಾಯಿಸಿತು. ಊಟ ಬಿಟ್ಟಳು. ಜ್ವರ ಬಂತು. ಜ್ವರದಲ್ಲಿ ‘ಅಮ್ಮಾ’ ಎಂದು ಕನವರಿಸಿದಳು. ‘ಮುಂದಿನ ವಾರಕ್ಕೆ’ ಎಂದು ನಾನು ಪತ್ರಿಕೆ ಮಡಚಿದರೆ ಹಂಪಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

‘ಒಂದು ವಾರ ತಡ್ಯಾಕ ಆಗಂಗಿಲ್ಲ. ಉಡಿ ತುಂಬಿ ಬಿಡಮು’ ಎಂದಳು.

‘ಯಾರಿಗಿ?’ ಎಂದೆ ನಾನು.

‘ವಾಸಂತಿಗಿ. ನಮ್ಮಲ್ಲಿ ದೂರದೂರಿನ ಮಗಳು ಬರದಿದ್ರ ಆಕಿ ಹೆಸರಲೆ ಇನ್ನೊಬ್ಬ ಹುಡುಗಿನ್ನ ಕುಂದ್ರಿಸಿ ತುಂಬಲ್ಲೇನು? ಹಂಗ.’

ಒಳಗಿನಿಂದ ಅವ್ವನ ದನಿ ಬಂತು. ಅವ್ವ ಕತೆ ಕೇಳಲು ಹೊರಗೆ ಬರುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ‘ಅತ್ತೀ, ಕಾಗದಕ್ಕ ಯಾರರ ಉಡಿ ತುಂಬ್ತಾರೇನ್ರಿ?’

‘ದೇವಿ ಪಟಕ್ಕ ತುಂಬಲ್ಲೇನವಾ? ಅದೇನು ಕಾಗದ ಅಲ್ಲೇನು?’ ಎಂದಳು ಅಜ್ಜಿ.

ಅವ್ವ ಬಾಗಿಲಿನಿಂದ ಮಾಯವಾದಳು.

ಇನ್ನೊಬ್ಬ ಹುಡುಗಿ ಯಾರೆಂದು ನಾನು ಕೇಳಲಿಲ್ಲ. ಮೂವರೂ ನನ್ನ ಕಡೆಗೇ ನೋಡುತ್ತಿದ್ದರು. ಮಾಬುಸಾಬ್ ಅಂತೂ ಅಳತೆಯನ್ನೇ ತೆಗೆದುಕೊಂಡ. ಹದಿನೈದರ ಹುಡುಗಿಗೆ ಲಂಗದ ಮೇಲೆ ದಾವಣಿ ಇಲ್ಲದೆ ಉಡಿ ತುಂಬುವುದು ಅಮಂಗಳವಂತೆ. ಹಂಪಮ್ಮ ಗುಲಾಬಿ ಬಟ್ಟೆ ತಂದಳು. ನಾನು ಕಂಬ ಹಿಡಿದುಕೊಂಡೆ.

‘ನಾ ಹಾಕ್ಕೊಳಲ್ಲ. ನಾ ದೊಡ್ಡಾಕಿ ಆಗಿಲ್ಲ.’

‘ಯಾರು ಆಗೀ ಅಂದಾರ ನಿನ್ನ? ದಾವಣಿ ನಿಂದಲ್ಲ, ವಾಸಂತಿದು. ನೀ ಬರೇ ಮೈ ಕೊಡು’ ಎಂದಳು ಅಜ್ಜಿ.

ಶುಕ್ರವಾರ ಬೆಳಿಗ್ಗೆ ನಾನು ಮಣೆಯ ಮೇಲೆ ಮೈ ಕೊಟ್ಟು ಕೂತೆ. ಪಕ್ಕದಲ್ಲಿ ಇನ್ನೊಂದು ಮಣೆ, ಅದರ ಮೇಲೆ ವಾರಪತ್ರಿಕೆ, ವಾಸಂತಿ ಜ್ವರದಲ್ಲಿ ಮಲಗಿದ ಚಿತ್ರವಿದ್ದ ಪುಟ ಬಿಚ್ಚಿಟ್ಟದ್ದು. ಇಬ್ಬರಿಗೂ ಕುಂಕುಮ ಹಚ್ಚಿದರು. ನನ್ನ ಕೈಗೆ ಹಸಿರು ಬಳೆ. ಉಡಿಗೆ ನಮ್ಮದೇ ಗಿರಣಿಯ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಸುಗಂಧಿ ಬಾಳೆಹಣ್ಣು. ದಾವಣಿಯ ಸೆರಗು ಭಾರಕ್ಕೆ ಜಗ್ಗಿತು. ಹಂಪಮ್ಮ ಆರತಿ ಎತ್ತುವಾಗ ಹಾಡಿನಲ್ಲಿ ವಾಸಂತಿಯ ಹೆಸರು ಸೇರಿಸಿದಳು. ಕಟ್ಟೆಯ ಮೇಲಿಂದ ಮಾಬುಸಾಬ್ ತನ್ನ ದಾವಣಿಯ ಅಂಚು ಸರಿಯಾಗಿ ಕೂತಿದೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದ. ನಾನು ಅಳುತ್ತಿದ್ದೆ. ‘ನೋಡ್ರಿ, ತಾಯಿ ನೆನಪಾಗೇತಿ ಹುಡುಗಿಗೆ’ ಎಂದಳು ಹಂಪಮ್ಮ. ನನ್ನ ತಾಯಿ ಐದು ಮೊಳ ದೂರದಲ್ಲಿ ಹೋಳಿಗೆ ತಟ್ಟುತ್ತಿದ್ದಳು.

ಆ ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಅಡ್ಡಾದ ಮೇಲೆ ಅಜ್ಜಿ ನನ್ನ ಬಳಿ ಕೂತಳು. ನಾನು ದಾವಣಿ ಬಿಚ್ಚಿ ದೂರ ಎಸೆದಿದ್ದೆ. ಅವಳು ಅದನ್ನು ಎತ್ತಿ ಮಡಚುತ್ತಾ, ನನ್ನನ್ನು ನೋಡದೆ ಮಾತಾಡಿದಳು.

‘ನನಗ ಹನ್ನೊಂದು. ಬೆಳಿಗ್ಗೆ ಕುಂಟಾಬಿಲ್ಲಿ ಆಡ್ತಿದ್ನಿ. ಬಾ ಅಂತ ಕರದ್ರು. ಮೈ ತೊಳದು ಸೀರಿ ಸುತ್ತಿದ್ರು, ಬಂಡ್ಯಾಗ ಹತ್ತಿಸಿದ್ರು. ಕಂಪ್ಲಿಗೆ ಬಂದು ಇಳದಾಗ ನೋಡ್ತೀನಿ, ಆಡೋ ಬಿಲ್ಲಿ ಇನ್ನಾ ಮುಷ್ಟ್ಯಾಗ ಐತಿ.’

‘ಅಂಜಿಕಿ ಬರಲಿಲ್ಲೇನಜ್ಜಿ?’

‘ಅಂಜಾಕ ಯಾರು ಟೈಮ್ ಕೊಟ್ರು?’

ಮಡಚಿದ ದಾವಣಿಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ‘ಕತಿ ಮುಗೀಲಿ. ಆಮ್ಯಾಲೆ ನೋಡಮು’ ಎಂದಳು.

ಅಲ್ಲಿಂದ ನನ್ನ ಹಣೆಬರಹ ಹೊಸಪೇಟೆಯ ಬಸ್ಸಿನಲ್ಲಿ ಬರತೊಡಗಿತು. ವಾಸಂತಿ ಕಡೆಯವರೆಗೂ ಹಟ ಹಿಡಿದು ಚಿಕ್ಕವಳಾಗಿಯೇ ಉಳಿದರೆ ದಾವಣಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ನಾನು ಕಾಲುವೆಯಲ್ಲಿ ಉಳಿಯುತ್ತೇನೆ ಎಂದು ನನ್ನ ಲೆಕ್ಕ. ಹಾಗಾಗಲೆಂದು ಹರಕೆ ಸಹ ಹೊತ್ತೆ, ಯಾವ ದೇವರಿಗೆ ಎಂದು ಹೇಳುವುದಿಲ್ಲ, ತೀರಿಸಿಲ್ಲ. ಆದರೆ ಮುಂದಿನ ಗುರುವಾರವೇ ವಾಸಂತಿಯ ಜ್ವರ ಇಳಿಯಿತು. ‘ನಮ್ಮ ಉಡಿ ಹತ್ತಿತವ್ವಾ!’ ಎಂದು ಹಂಪಮ್ಮ ಪಡಸಾಲೆಯಲ್ಲೇ ಕೈಮುಗಿದಳು. ಅವಳಿಗೆ ಬೇಸರವಾದದ್ದು ಒಂದಕ್ಕೇ, ಹೊಸ ಸಂಚಿಕೆಯ ಚಿತ್ರದಲ್ಲಿ ವಾಸಂತಿಯ ಹಣೆ ಖಾಲಿಯಿತ್ತು. ‘ನಾವು ಹಚ್ಚಿದ ಕುಂಕುಮ ಒರಸಿಕೊಂಡಾಳಲ್ಲ’ ಎಂದು ಸಂಜೆಯವರೆಗೂ ಪೇಚಾಡಿದಳು.

ಜ್ವರ ಇಳಿದವಳು ಕೆಡುತ್ತಲೇ ಹೋದಳು. ಹಸಿವಾಯಿತು. ನಕ್ಕಳು. ಫ್ರಾಕು ಬಿಟ್ಟು ದಾವಣಿ ಹಾಕಿದಳು, ಅದರ ಬಣ್ಣವನ್ನು ಬರೆದಿರಲಿಲ್ಲವಾದರೂ ಗುಲಾಬಿಯೇ ಇರಬೇಕೆಂದು ಮಾಬುಸಾಬ್ ಪಣ ಕಟ್ಟಿದ. ಅಪ್ಪನ ಶಿಷ್ಯನೊಬ್ಬ ಕನ್ನಡಕದ ಡಾಕ್ಟರು ನಾಡಿ ಹಿಡಿಯುವ ನೆಪದಲ್ಲಿ ಕೈ ಹಿಡಿದ. ನಡುವೆ ಕೆಲವು ವರ್ಷ ಉರುಳಿದವು ಎಂದು ಧಾರಾವಾಹಿ ಒಂದೇ ಸಾಲಿನಲ್ಲಿ ಉರುಳಿಸಿತು. ಕೊನೆಯ ಕಂತಿನಲ್ಲಿ ವಾಸಂತಿ ಮದುವೆಯ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ‘ನಾನೆಂಥ ಹುಚ್ಚಿಯಾಗಿದ್ದೆ!’ ಎಂದು ಮುಗುಳ್ನಕ್ಕಳು. ಮುಕ್ತಾಯ.

ನಾನು ಪತ್ರಿಕೆಯನ್ನು ಮುಚ್ಚಿದೆ. ಇಷ್ಟು ದಿನ ಜೊತೆಗಿದ್ದವಳು ನನ್ನೊಬ್ಬಳನ್ನೇ ನಡುನೀರಿನಲ್ಲಿ ಬಿಟ್ಟು ದಡ ಸೇರಿದ್ದಳು. ಅದೂ ನೀರಿಲ್ಲದ ಕಾಲುವೆಯ ನಡುನೀರು. ಮರುದಿನ ನೀರು ಬಿಡುತ್ತಾರೆಂದು ಊರಲ್ಲಿ ಡಂಗುರ ಸಾರಿ ಆಗಿತ್ತು.

‘ಶುಭಂ’ ಎಂದಳು ಹಂಪಮ್ಮ. ‘ರುದ್ರಮ್ಮಾ, ಕತಿ ಮುಗೀತು. ದಾವಣಿ ತಗೀ, ನಾಳಿಂದ ಗಿರ್ಜಿ ಹಾಕ್ಕೊಳ್ಳಿ.’

ಅಜ್ಜಿ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಬೀಗದ ಸದ್ದು ಕೇಳಿತು. ಗುಲಾಬಿ ದಾವಣಿ ತಂದು, ನನಗೆ ಕೊಡದೆ, ಕಟ್ಟೆಗೆ ಹೋಗಿ ಮಿಷನ್ನಿನ ಮೇಲೆ ಹಾಕಿದಳು.

‘ಮಾಬೂ, ಇದನ್ನ ಕತ್ತರಿಸಿ ಗಿರ್ಜಿ ಲಂಗಕ್ಕ ತಳಗ ಹಚ್ಚು. ಒಂದು ಗೇಣು.’

‘ಅಯ್ಯಯ್ಯ, ಹೊಸಾ ದಾವಣಿ ಅಮ್ಮಾ!’

‘ಯಾರ ದಾವಣಿ ಅದು?’

‘ವಾಸಂತಿದು.’

‘ಆಕಿ ಮದುವ್ಯಾಗಿ ಸೀರಿ ಉಟ್ಟಾಳಿಲ್ಲೊ? ಇನ್ನ ಆಕಿಗೆ ದಾವಣಿ ಯಾತಕ್ಕ? ಕತ್ತರಿಸು.’

‘ಮತ್ತ ಗಿರ್ಜಿ?’ ಎಂದಳು ಹಂಪಮ್ಮ. ‘ಉಡಿ ತುಂಬಿದ್ದು?’

‘ಆಕಿಗೇನಾಗೇತಿ? ಉಡಿ ತುಂಬಿದ್ದು ವಾಸಂತಿಗೆ. ಲಂಗಕ್ಕ ಇನ್ನೊಂದು ಗೇಣು ಬಂತು, ಇನ್ನೊಂದು ವರ್ಷಕ್ಕ ಚಿಂತಿಲ್ಲ.’

ಹಂಪಮ್ಮ ಸೆರಗಿನ ಗಂಟಿನಿಂದ ಒಂದು ಬಾಳೆಹಣ್ಣು ತೆಗೆದಳು. ಉಡಿ ವಾಸಂತಿಗೆ ಅಲ್ಲವೆಂದರೆ ಜ್ವರ ಇಳಿಸಿದ ಪುಣ್ಯ ಕೈಬಿಡುತ್ತಿತ್ತು. ಪುಣ್ಯ ಇಟ್ಟುಕೊಳ್ಳಬೇಕಾದರೆ ನನ್ನನ್ನು ಬಿಡಬೇಕಾಗಿತ್ತು. ಹಣ್ಣು ಸುಲಿದು ಮುಗಿಸುವಷ್ಟರಲ್ಲಿ ಪುಣ್ಯವನ್ನೇ ಇಟ್ಟುಕೊಂಡಳು. ಅಜ್ಜಿ ಇದನ್ನೆಲ್ಲ ಮಣೆ ಹಾಕುವಾಗಲೇ ಯೋಚಿಸಿದ್ದಳೋ, ಪೆಟ್ಟಿಗೆಯ ಬೀಗ ತೆಗೆಯುವಾಗ ಹೊಳೆಯಿತೋ, ನಾನು ಕೇಳಲಿಲ್ಲ. ಕೇಳಿದ್ದರೂ ಅಡಿಕೆ ಕತ್ತರಿಸುತ್ತಿದ್ದಳು.

ಮಾಬುಸಾಬ್ ಮಾತ್ರ ತನ್ನ ಕಲೆ ಮಣ್ಣುಪಾಲಾಯಿತೆಂದು ಗೊಣಗುತ್ತಲೇ ಹೊಲಿದ. ಮಾರನೆಯ ದಿನ ಹಸಿರು ಲಂಗದ ತಳಕ್ಕೆ ಗುಲಾಬಿ ಅಂಚು ಹೊತ್ತುಕೊಂಡು, ನೋಡಿದವರೆಲ್ಲ ನಗುವಂತೆ, ನಾನು ಸೇತುವೆಯ ಗೋಡೆ ಹತ್ತಿದೆ. ಮೊದಲ ನೀರು ಕೆಂಪಗೆ, ಕಸಕಡ್ಡಿ ಎಳೆದುಕೊಂಡು, ನೊರೆ ಕಟ್ಟಿಕೊಂಡು ಬರುತ್ತಿತ್ತು. ಅಜ್ಜಿ ಮೇಲಿನ ಮೆಟ್ಟಿಲಲ್ಲಿ ನಿಂತು ಅರಿಶಿಣ ಕುಂಕುಮ ಹಾಕುತ್ತಿದ್ದಳು. ನೀರು ಆಳವಾಗುವವರೆಗೆ ಕಾದು ನಾನು ಹಾರಿದೆ.

ವಾಸಂತಿಯನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ. ಕ್ಷಮಿಸಬೇಕಾಗಿ ಬಂದದ್ದು ಮರುವರ್ಷ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬೆಂಚಿನ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ದಾವಣಿಯಲ್ಲಿ ಬರತೊಡಗಿದರು. ಸೆರಗು ಸರಿಪಡಿಸಿಕೊಳ್ಳುವುದರಲ್ಲಿ ಒಂದು ಗತ್ತು ಇರುತ್ತಿತ್ತು. ನಾನೊಬ್ಬಳೇ ಎರಡು ಬಣ್ಣದ ಲಂಗದಲ್ಲಿ, ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನಂತೆ ಕಾಣುತ್ತಿದ್ದೆ. ಯುಗಾದಿ ಹತ್ತಿರ ಬಂದಾಗ, ಯಾರೂ ಕೇಳದೆ, ಯಾರೂ ಕಾಲು ನೋಡದೆ, ಕಟ್ಟೆಗೆ ಹೋಗಿ ಮಾಬುಸಾಬ್‌ನ ಮುಂದೆ ನಿಂತೆ.

‘ಚಾಚಾ, ನನಗೊಂದು ದಾವಣಿ ಹೊಲದು ಕೊಡ್ರಿ.’

ಅವನು ಕನ್ನಡಕದ ಮೇಲಿಂದ ನೋಡಿದ. ‘ಯಾರ ಹೆಸರಲೆ?’

‘ನನ್ನ ಹೆಸರಲೇನ.’

ಹಬ್ಬದ ದಿನ ನಾನು ನೀಲಿ ದಾವಣಿ ಹಾಕಿಕೊಂಡು ಪಡಸಾಲೆಗೆ ಬಂದಾಗ ಅಜ್ಜಿ ಮೇಲಿಂದ ಕೆಳಗೆ ನೋಡಿದಳು, ಬೇವುಬೆಲ್ಲ ಕೈಗೆ ಹಾಕಿದಳು. ಸಂಜೆ ಬಿಸಿಲು ಇಳಿದ ಮೇಲೆ, ‘ನಡೀ, ಕಾಲುವಿಗೆ ಹೋಗಿ ಬರಮು’ ಎಂದಳು. ಇನ್ನು ಸ್ವಲ್ಪ ದಿನಕ್ಕೆ ಕಾಲುವೆ ಬಂದ್ ಆಗುವುದಿತ್ತು. ನೀರು ತಿಳಿಯಾಗಿ, ನಿಧಾನವಾಗಿ ಹೋಗುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

‘ನೀ ಧುಮುಕೋದು ಬಿಟ್ಟಿ. ನೀರಾಗ ನಿನ್ನ ಜಾಗ ಖಾಲಿ ಐತಿ’ ಎಂದಳು ಅಜ್ಜಿ. ಚಪ್ಪಲಿ ಬಿಟ್ಟಳು. ಸೀರೆಯ ಕಚ್ಚೆ ಬಿಗಿದಳು. ‘ಕೈ ಹಿಡಕೋ. ಬಿಟ್ಟಿ ಅಂದ್ರ ನೋಡು.’

ಒಂದೊಂದೇ ಮೆಟ್ಟಿಲು ಇಳಿದಳು. ನೀರು ಪಾದಕ್ಕೆ ಬಂತು, ಮಂಡಿಗೆ ಬಂತು, ಸೊಂಟಕ್ಕೆ ಬಂತು. ನನ್ನ ಹೊಸ ದಾವಣಿ ನೆನೆಯಿತು. ನನ್ನ ಮುಂಗೈಯಲ್ಲಿ ಅವಳ ಉಗುರು ಊರಿದ್ದವು. ಮೂಗು ಹಿಡಿದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಒಮ್ಮೆ ಮುಳುಗಿ ಎದ್ದಳು. ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು.

‘ಇಷ್ಟೇ ಏನು?’ ಎಂದಳು.

ಆಮೇಲೆ ನನ್ನ ಕೈ ಬಿಟ್ಟು ಇನ್ನೊಂದು ಸಲ ಮುಳುಗಿದಳು.